ಬಸ್ಸಿನೊಳಗೆ ಕಾಣದ ಬೆಳಕು

ಹಾಸಿಗೆ ಹೊದಿಕೆಗಳನ್ನು ಆಗಾಗ ಬಿಸಿಲಿಗೆ ಹಾಕುವುದು, ಬಾಣಂತಿಯ ಮತ್ತು ಕೂಸಿನ ಬಟ್ಟೆಗಳನ್ನು ಬಿಸಿಲು ನೇರವಾಗಿ ಬೀಳುವ ಕಡೆಯೇ ಹರವುವುದು, ವರ್ಷಕ್ಕಾಗುವ ಬೇಳೆಕಾಳುಗಳನ್ನು ಡಬ್ಬಕ್ಕೆ ತುಂಬುವ ಮುನ್ನ ಅಂಗಳದಲ್ಲಿ ಒಣಗಿಸುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಬಿಸಿಲಿಗೆ ನಂಜು ಕಳೆಯುವ ಗುಣವಿದೆ ಎಂಬುದನ್ನು ಹಿರಿಯರು ಪುಸ್ತಕದಿಂದ ತಿಳಿದವರಲ್ಲ, ಅನುಭವದಿಂದ ಕಂಡುಕೊಂಡವರು. ಆ ಗುಣವು ಬಿಸಿಲಿನ ಕಾವಿನಲ್ಲಿದೆಯೋ ಬೆಳಕಿನಲ್ಲಿದೆಯೋ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕೈಗೆತ್ತಿಕೊಂಡು ಸುಮಾರು ಒಂದೂವರೆ ಶತಮಾನ ಕಳೆದಿದೆ.

2020ರಲ್ಲಿ ಕೊರೊನಾ ಪಿಡುಗು ಲೋಕವನ್ನೆಲ್ಲ ಆವರಿಸಿದಾಗ ಈ ಹಳೆಯ ಪ್ರಶ್ನೆಗೆ ಹೊಸ ಬೆಲೆ ಬಂದಿತು. ಬಸ್ಸು, ರೈಲು, ವಿಮಾನಗಳ ಒಳಗನ್ನು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕಿನಿಂದ ತೊಳೆದು ವೈರಸ್ಸನ್ನು ನಾಶಪಡಿಸುವ ಪ್ರಯತ್ನಗಳು ಹಲವು ನಗರಗಳಲ್ಲಿ ನಡೆದವು. ಗಡಿನಾಡಿನಲ್ಲಿ ಬಾಳುವ ನಮಗೆ ಇದು ದೂರದ ವಿಷಯವಲ್ಲ. ಕಾಸರಗೋಡಿನವರಿಗೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ಹೊಸೂರಿನವರಿಗೆ ಬೆಂಗಳೂರು, ರಾಯದುರ್ಗದವರಿಗೆ ಬಳ್ಳಾರಿ, ಅಕ್ಕಲಕೋಟೆಯವರಿಗೆ ಕಲಬುರಗಿ ಎಂದರೆ ಬಸ್ಸು ಹತ್ತಿ ಹೋಗಿ ಸಂಜೆಗೆ ಮರಳುವ ಊರುಗಳು. ಆಸ್ಪತ್ರೆ, ಕಾಲೇಜು, ಮಗಳ ಮನೆ, ಮದುವೆಯ ಜವಳಿ ಎಲ್ಲಕ್ಕೂ ಗಡಿ ದಾಟುವ ಬಸ್ಸೇ ಆಧಾರ. 2020ರ ಮಾರ್ಚಿ ತಿಂಗಳಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಆ ಆಧಾರ ತಪ್ಪಿದರೆ ಏನಾಗುವುದೆಂಬುದನ್ನು ಕಾಸರಗೋಡಿನ ಕುಟುಂಬಗಳು ಕಣ್ಣಾರೆ ಕಂಡವು. ಆದಕಾರಣ ಬಸ್ಸನ್ನು ರೋಗರಹಿತವಾಗಿ ಇರಿಸುವ ಉಪಾಯ ಯಾವುದೇ ಇರಲಿ, ಅದರ ಶಕ್ತಿ ಎಷ್ಟು, ಮಿತಿ ಎಲ್ಲಿಯವರೆಗೆ ಎಂಬುದನ್ನು ನಾವು ತಿಳಿದುಕೊಂಡಿರುವುದು ಒಳ್ಳೆಯದು.

ನೇರಳೆಯ ಆಚೆಗಿನ ಬೆಳಕು

ಬಿಸಿಲಿನ ಕೋಲೊಂದನ್ನು ಗಾಜಿನ ಅಶ್ರಗದ ಮೂಲಕ ಹಾಯಿಸಿದರೆ ಕೆಂಪಿನಿಂದ ನೇರಳೆಯವರೆಗೆ ಏಳು ಬಣ್ಣಗಳ ಪಟ್ಟಿ ಮೂಡುವುದನ್ನು ಶಾಲೆಯ ಮಕ್ಕಳೂ ಬಲ್ಲರು. 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬ ವಿಜ್ಞಾನಿ ಬೆಳ್ಳಿಯ ಕ್ಲೋರೈಡನ್ನು ಈ ಪಟ್ಟಿಯ ಬೇರೆ ಬೇರೆ ಭಾಗಗಳಲ್ಲಿಟ್ಟು ನೋಡಿದನು. ಬೆಳಕು ತಾಗಿದರೆ ಆ ಲವಣ ಕಪ್ಪಾಗುತ್ತದೆ. ಬಣ್ಣಗಳು ಮುಗಿದು, ನೇರಳೆಯಿಂದಲೂ ಆಚೆಗೆ, ಏನೂ ಕಾಣದ ಕಡೆಯಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅಲ್ಲಿ ಕಣ್ಣಿಗೆ ಕಾಣದ ಕಿರಣಗಳಿವೆ ಎಂಬುದು ಹೀಗೆ ಸಿದ್ಧವಾಯಿತು. ಇವನ್ನೇ ಇಂದು ನೇರಳಾತೀತ ಕಿರಣಗಳು, ಅಥವಾ ಅಲ್ಟ್ರಾವಯೊಲೆಟ್ ಕಿರಣಗಳು ಎಂದು ಕರೆಯುತ್ತೇವೆ.

1877ರಲ್ಲಿ ಇಂಗ್ಲೆಂಡಿನ ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಎಂಬಿಬ್ಬರು ಸಕ್ಕರೆ ಬೆರೆತ ಪೋಷಕ ದ್ರವವನ್ನು ಕೊಳವೆಗಳಲ್ಲಿ ತುಂಬಿ, ಕೆಲವನ್ನು ಬಿಸಿಲಿಗೆ ತೆರೆದಿಟ್ಟು, ಕೆಲವಕ್ಕೆ ಬೆಳಕು ತಾಗದಂತೆ ಹೊದಿಕೆ ಸುತ್ತಿಟ್ಟರು. ಹೊದಿಕೆಯೊಳಗಿನ ದ್ರವ ಬ್ಯಾಕ್ಟೀರಿಯಗಳು ಬೆಳೆದು ಕದಡಿತು; ಬಿಸಿಲು ಕಂಡ ದ್ರವ ತಿಳಿಯಾಗಿಯೇ ಉಳಿಯಿತು. ನಂಜು ಕಳೆಯುವ ಕೆಲಸದಲ್ಲಿ ಬೆಳಕಿಗೇ ಸ್ವತಂತ್ರ ಪಾತ್ರವುಂಟೆಂಬುದಕ್ಕೆ ಇದು ಮೊದಲ ಗಟ್ಟಿ ಪ್ರಮಾಣ. ಮುಂದೆ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ದೀಪದ ಬೆಳಕಿನಿಂದ ಗುಣಪಡಿಸುವ ವಿಧಾನವನ್ನು ಬಳಕೆಗೆ ತಂದು 1903ರ ನೊಬೆಲ್ ಪಾರಿತೋಷಕವನ್ನು ಪಡೆದನು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ಕುಡಿಯುವ ನೀರನ್ನು ಈ ಕಿರಣಗಳಿಂದ ಶುದ್ಧಮಾಡುವ ಪ್ರಯತ್ನ ನಡೆಯಿತು. ಇಂದು ನಮ್ಮಲ್ಲಿ ಅನೇಕರ ಅಡುಗೆಮನೆಯ ಗೋಡೆಗೆ ತೂಗುಹಾಕಿರುವ ನೀರಿನ ಶುದ್ಧೀಕರಣ ಯಂತ್ರದೊಳಗೂ ಇಂಥದೇ ಒಂದು ಸಣ್ಣ ದೀಪ ಉರಿಯುತ್ತಿರುತ್ತದೆ.

ನೇರಳಾತೀತ ಕಿರಣಗಳನ್ನು ಅವುಗಳ ತರಂಗಾಂತರಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮೂರು ಪಂಗಡ ಮಾಡಿದ್ದಾರೆ. 400ರಿಂದ 315 ನ್ಯಾನೊಮೀಟರಿನವರೆಗಿನದು ಎ, 315ರಿಂದ 280ರವರೆಗಿನದು ಬಿ, 280ರಿಂದ 100ರವರೆಗಿನದು ಸಿ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೊಮೀಟರ್. ಸೂಕ್ಷ್ಮಜೀವಿಗಳಿಗೆ ಅತ್ಯಂತ ಮಾರಕವಾದುದು ಸಿ ಪಂಗಡ. ಸೂರ್ಯನಿಂದ ಹೊರಡುವ ಈ ಕಿರಣಗಳನ್ನು ಆಕಾಶದ ಓಜೋನ್ ಪದರ ಮತ್ತು ಗಾಳಿ ಸೇರಿ ಮೇಲೆಯೇ ಹೀರಿಬಿಡುವುದರಿಂದ ಅವು ನೆಲವನ್ನು ಮುಟ್ಟುವುದಿಲ್ಲ. ಆದ್ದರಿಂದ ಸಿ ಪಂಗಡದ ಬೆಳಕು ಬೇಕಾದರೆ ದೀಪವನ್ನೇ ಉರಿಸಬೇಕು. ಕೊಳವೆಯೊಳಗೆ ಅತಿ ಕಡಿಮೆ ಒತ್ತಡದಲ್ಲಿ ಪಾದರಸದ ಆವಿಯನ್ನಿಟ್ಟು ವಿದ್ಯುತ್ತು ಹರಿಸಿದರೆ ಹೊಮ್ಮುವ ಬೆಳಕಿನಲ್ಲಿ ಹೆಚ್ಚಿನ ಪಾಲು 254 ನ್ಯಾನೊಮೀಟರಿನ ಆಸುಪಾಸಿನದು. ನಮ್ಮ ಮನೆಯ ಹಳೆಯ ಟ್ಯೂಬ್ ಲೈಟಿನಲ್ಲಿಯೂ ಇದೇ ಕಿರಣ ಹುಟ್ಟುತ್ತದೆ. ಆದರೆ ಅದರ ಒಳಗೋಡೆಗೆ ಬಳಿದ ಬಿಳಿಯ ಲೇಪ ಈ ಕಿರಣವನ್ನು ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ. ಉಳಿದುದನ್ನು ಗಾಜು ತಡೆಯುತ್ತದೆ. ನಂಜು ಕಳೆಯುವ ದೀಪಕ್ಕೆ ಲೇಪವಿಲ್ಲ. ಸಾಮಾನ್ಯ ಗಾಜಿನ ಬದಲು ಈ ಕಿರಣವನ್ನು ಹೊರಬಿಡುವ ಕ್ವಾರ್ಟ್ಸಿನಂಥ ವಿಶೇಷ ಗಾಜಿರುತ್ತದೆ. ವ್ಯತ್ಯಾಸ ಇಷ್ಟೇ.

ವೈರಸ್ಸನ್ನು ಕೆಡಿಸುವ ಬಗೆ

ಕೊರೊನಾ ವೈರಸ್ಸಿನ ಒಂದು ಕಣದ ಅಗಲ ಸುಮಾರು 100 ನ್ಯಾನೊಮೀಟರ್. ಹತ್ತು ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು. ಅದರ ಒಡಲಲ್ಲಿ ಆರ್‌ಎನ್‌ಎ ಎಂಬ ಉದ್ದನೆಯ ಎಳೆಯೊಂದು ಸುರುಳಿಗೊಂಡಿದೆ. ಸುಮಾರು 30,000 ರಾಸಾಯನಿಕ ಅಕ್ಷರಗಳಲ್ಲಿ ಬರೆದ ಓಲೆಯೆಂದು ಇದನ್ನು ಭಾವಿಸಬಹುದು. ವೈರಸ್ಸು ನಮ್ಮ ಜೀವಕೋಶದೊಳಗೆ ನುಗ್ಗಿ, ಈ ಓಲೆಯನ್ನು ಅಲ್ಲಿಯ ಯಂತ್ರದಿಂದ ಓದಿಸಿ, ತನ್ನಂಥ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಸಿ ಪಂಗಡದ ಬೆಳಕು ಬಿದ್ದಾಗ ಓಲೆಯಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಅಂಟಿದ ಕಡೆಯಲ್ಲಿ ಓದು ನಿಲ್ಲುತ್ತದೆ. ಓದಲಾಗದ ಓಲೆಯಿಂದ ಪ್ರತಿ ಹುಟ್ಟದು. ವೈರಸ್ಸಿನ ಆಕಾರ ಹಾಗೆಯೇ ಉಳಿದಿದ್ದರೂ ರೋಗ ಹರಡುವ ಶಕ್ತಿ ಅದಕ್ಕಿರುವುದಿಲ್ಲ. ಬ್ಯಾಕ್ಟೀರಿಯಗಳ ಡಿಎನ್‌ಎಯಲ್ಲಿಯೂ ಇಂಥದೇ ಅಂಟು ಉಂಟಾಗುತ್ತದೆ.

ಎಷ್ಟು ಬೆಳಕು ಸಾಕು? ಇದು ಎರಡು ಸಂಗತಿಗಳ ಗುಣಲಬ್ಧ: ಬೆಳಕಿನ ಬಲ ಮತ್ತು ಅದು ಬಿದ್ದ ಕಾಲ. ಮಂದವಾದ ಬೆಳಕು ಹೆಚ್ಚು ಹೊತ್ತು ಬೀಳಬೇಕು, ಪ್ರಖರವಾದುದು ಸ್ವಲ್ಪ ಹೊತ್ತು ಬಿದ್ದರೆ ಸಾಕು. ಇದರ ಅಳತೆ ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೂಲ್ ಎಂದು. ಇನ್ನೊಂದು ಸ್ವಾರಸ್ಯವೆಂದರೆ ಬೆಳಕು ಎಲ್ಲ ವೈರಸ್ಸುಗಳನ್ನೂ ಒಮ್ಮೆಗೇ ಕೊಲ್ಲುವುದಿಲ್ಲ. ಮೊದಲ ಕಂತಿನ ಬೆಳಕು ಹತ್ತರಲ್ಲಿ ಒಂಬತ್ತನ್ನು ಕೆಡಿಸಿತೆನ್ನಿ. ಅಷ್ಟೇ ಪ್ರಮಾಣದ ಎರಡನೆಯ ಕಂತು ಉಳಿದವುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಕೆಡಿಸುತ್ತದೆ. ಹತ್ತು ಸಾವಿರವಿದ್ದದ್ದು ಸಾವಿರ, ಸಾವಿರ ನೂರು, ನೂರು ಹತ್ತು ಆಗುತ್ತ ಹೋಗುತ್ತದೆ. ಜಾಹೀರಾತುಗಳಲ್ಲಿ ಶೇಕಡ 99.9 ಎಂದು ಬರೆದಿರುವುದರ ಅರ್ಥ ಇಂಥ ಮೂರು ಹೆಜ್ಜೆಗಳು ಮುಗಿದವೆಂದೇ ಹೊರತು ಒಂದೂ ಉಳಿದಿಲ್ಲವೆಂದಲ್ಲ. ಕೊರೊನಾ ವೈರಸ್ಸು ಈ ಬೆಳಕಿಗೆ ಬಲು ಬೇಗ ಸೋಲುವ ಜಾತಿಯದು. ಪ್ರಯೋಗಶಾಲೆಯಲ್ಲಿ ಚದರ ಸೆಂಟಿಮೀಟರಿಗೆ ಕೆಲವೇ ಮಿಲಿಜೂಲ್ ಬೆಳಕು ಈ ಮೂರು ಹೆಜ್ಜೆಗಳಿಗೆ ಸಾಕಾಗಿದೆ.

ಷಾಂಘೈ, ನ್ಯೂಯಾರ್ಕ್, ದೆಹಲಿ

ಪ್ರಯೋಗಶಾಲೆಯ ಈ ತಿಳಿವಳಿಕೆಯನ್ನು ಬಸ್ಸಿನ ಡಿಪೋಗೆ ಕೊಂಡೊಯ್ದವರಲ್ಲಿ ಚೀನದವರು ಮೊದಲಿಗರು. 2020ರ ಮಾರ್ಚಿಯಲ್ಲಿ ಷಾಂಘೈ ನಗರದ ಯಾಂಗ್‌ಗಾವ್ ಬಸ್ಸು ಸಂಸ್ಥೆ ತನ್ನ ಬಸ್ಸು ತೊಳೆಯುವ ಕೊಠಡಿಯೊಂದನ್ನು ನೇರಳಾತೀತ ಬೆಳಕಿನ ಕೊಠಡಿಯನ್ನಾಗಿ ಮಾರ್ಪಡಿಸಿತು. ಬಸ್ಸನ್ನು ಒಳಗೆ ತಂದು ನಿಲ್ಲಿಸಿ, ಜನರೆಲ್ಲ ಹೊರಗೆ ಬಂದ ಮೇಲೆ ಸುತ್ತಲೂ ಒಳಗೂ ಇರಿಸಿದ ಕೊಳವೆದೀಪಗಳನ್ನು ಹೊತ್ತಿಸುವುದು ಅಲ್ಲಿಯ ಕ್ರಮ. ಔಷಧ ಸಿಂಪಡಿಸಿ ಒರೆಸುವುದಕ್ಕೆ 40 ನಿಮಿಷ ಹಿಡಿಯುತ್ತಿದ್ದ ಕೆಲಸ ಸುಮಾರು 5 ನಿಮಿಷಕ್ಕೆ ಇಳಿಯಿತೆಂದು ಸಂಸ್ಥೆ ಹೇಳಿತು.

ನ್ಯೂಯಾರ್ಕಿನ ಭೂಗತ ರೈಲುಗಳು ಹಗಲಿರುಳೂ ಓಡುವುದಕ್ಕೆ ಹೆಸರಾದವು. 2020ರ ಮೇ 6ರಿಂದ ಅವುಗಳನ್ನು ಶುಚಿಗೊಳಿಸುವ ಸಲುವಾಗಿ ರಾತ್ರಿ ಒಂದರಿಂದ ಐದು ಗಂಟೆಯವರೆಗೆ ನಿಲ್ಲಿಸತೊಡಗಿದರು. ಅದೇ ತಿಂಗಳಲ್ಲಿ ಅಲ್ಲಿಯ ಸಾರಿಗೆ ಪ್ರಾಧಿಕಾರ 150 ಸಾಗಿಸಬಲ್ಲ ನೇರಳಾತೀತ ದೀಪಗಳನ್ನು ತರಿಸಿ ರೈಲುಬೋಗಿ, ಬಸ್ಸು ಮತ್ತು ನಿಲ್ದಾಣಗಳಲ್ಲಿ ಪ್ರಯೋಗ ಆರಂಭಿಸಿತು. ಮೊದಲ ಹಂತದ ವೆಚ್ಚ ಸುಮಾರು 10 ಲಕ್ಷ ಡಾಲರು. ಲಂಡನ್ನಿನ ಭೂಗತ ನಿಲ್ದಾಣಗಳಲ್ಲಿ ಇನ್ನೊಂದು ಜಾಣ ಉಪಾಯ ಹೂಡಿದರು. ಚಲಿಸುವ ಮೆಟ್ಟಿಲುಗಳ ಕೈಪಟ್ಟಿ ಸುತ್ತು ಹಾಕಿ ಬರುವ ಹಾದಿಯಲ್ಲಿ ಸಣ್ಣ ದೀಪವನ್ನು ಅಡಗಿಸಿಟ್ಟರು. ದೀಪ ಇದ್ದಲ್ಲಿಯೇ ಇರುತ್ತದೆ, ಪಟ್ಟಿ ಅದರೆದುರು ಹಾದುಹೋಗುತ್ತದೆ. ಜನರ ಕಣ್ಣಿಗೆ ಬೆಳಕು ತಾಗುವುದಿಲ್ಲ.

ನಮ್ಮ ದೇಶದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ದೆಹಲಿಯ ಪ್ರಯೋಗಾಲಯವು 2020ರ ಮೇ ತಿಂಗಳಲ್ಲಿ ಯುವಿ ಬ್ಲಾಸ್ಟರ್ ಎಂಬ ದೀಪಸ್ತಂಭವನ್ನು ಸಿದ್ಧಪಡಿಸಿತು. ತಲಾ 43 ವ್ಯಾಟಿನ ಆರು ದೀಪಗಳು ಸುತ್ತಲೂ ಬೆಳಕು ಚೆಲ್ಲುವಂತೆ ಅದರಲ್ಲಿ ನಿಂತಿವೆ. 12 ಅಡಿ ಉದ್ದ 12 ಅಡಿ ಅಗಲದ ಕೋಣೆಗೆ ಸುಮಾರು 10 ನಿಮಿಷ, 400 ಚದರ ಅಡಿಯ ಕೋಣೆಗೆ 30 ನಿಮಿಷ ಎಂಬುದು ಅದರ ಲೆಕ್ಕ. ದೂರದಿಂದಲೇ ನಡೆಸಬಹುದಾದ ಈ ಯಂತ್ರ, ಯಾರಾದರೂ ಥಟ್ಟನೆ ಬಾಗಿಲು ತೆರೆದರೆ ತಾನಾಗಿ ಆರಿಹೋಗುತ್ತದೆ. ಈ ಎಚ್ಚರಿಕೆ ಏಕೆ ಬೇಕಾಯಿತೆಂಬುದನ್ನು ಮುಂದೆ ನೋಡೋಣ.

ನೆರಳಿನ ತೊಡಕು

ಬೆಳಕು ನೇರವಾಗಿ ಹೋಗುವ ವಸ್ತು. ಅದು ನೀರಿನಂತೆ ಸಂದುಗೊಂದುಗಳಿಗೆ ಹರಿಯದು, ಹೊಗೆಯಂತೆ ಮೂಲೆಗಳಿಗೆ ಸುಳಿಯದು. ಖಾಲಿ ಕೋಣೆಯಲ್ಲಿ ನಾಲ್ಕು ಗೋಡೆಗಳ ಮೇಲೂ ಸುಲಭವಾಗಿ ಬೀಳುವ ದೀಪದ ಬೆಳಕು ಬಸ್ಸಿನೊಳಗೆ ಹೆಜ್ಜೆಗೊಂದು ಅಡ್ಡಿಯನ್ನು ಎದುರಿಸುತ್ತದೆ. ಸಾಮಾನ್ಯ ಬಸ್ಸಿನ ಒಳನೆಲ ಸುಮಾರು 300 ಚದರ ಅಡಿ ಮಾತ್ರ. ಆದರೆ ಅಷ್ಟರಲ್ಲಿ ಐವತ್ತು ಆಸನಗಳ ಬೆನ್ನು, ಅಡಿ, ಅಂಚು, ಮೇಲಿನ ಸಾಮಾನು ಹಲಗೆ, ನಿಲ್ಲುವವರು ಹಿಡಿಯುವ ಕಂಬಿಗಳು ಕಿಕ್ಕಿರಿದಿವೆ. ಕಂಬಿಯ ಈ ಬದಿಗೆ ಬೆಳಕು ಬಿದ್ದರೆ ಆ ಬದಿಗೆ ನೆರಳು. ಪ್ರಯಾಣಿಕರ ಬೆರಳುಗಳು ಸುತ್ತಿಕೊಳ್ಳುವುದು ಎರಡೂ ಬದಿಗಳನ್ನು.

ದೂರದ ಲೆಕ್ಕವೂ ಇದೆ. ದೀಪದಿಂದ ದೂರ ಸರಿದಂತೆ ಬೆಳಕಿನ ಬಲ ಬೇಗ ಕುಂದುತ್ತದೆ. ದೀಪದ ಎದುರಿನ ಆಸನಕ್ಕೆ ಚದರ ಸೆಂಟಿಮೀಟರಿಗೆ 1 ಮಿಲಿವ್ಯಾಟ್ ಬೆಳಕು ಬೀಳುತ್ತಿದೆಯೆಂದು ಭಾವಿಸೋಣ. 10 ಸೆಕೆಂಡಿನಲ್ಲಿ ಅದಕ್ಕೆ 10 ಮಿಲಿಜೂಲ್ ಸಂದಾಯವಾಯಿತು, ಕೆಲಸ ಮುಗಿಯಿತು. ಆಸನದ ಕೆಳಗೆ, ಅಲ್ಲಿಂದಿಲ್ಲಿಂದ ಪ್ರತಿಫಲಿಸಿದ ಬೆಳಕು ನೂರರಲ್ಲಿ ಒಂದು ಪಾಲಷ್ಟೇ ತಲಪುತ್ತದೆಯೆನ್ನಿ. ಅಲ್ಲಿ ಅಷ್ಟೇ ಫಲ ದೊರೆಯಬೇಕಾದರೆ 1,000 ಸೆಕೆಂಡು, ಅಂದರೆ ಹದಿನೇಳು ನಿಮಿಷಗಳಷ್ಟು ಕಾಲ ದೀಪ ಉರಿಯಬೇಕು. ಐದು ನಿಮಿಷದಲ್ಲಿ ಬಸ್ಸು ಶುದ್ಧವಾಯಿತೆಂದು ಕೇಳಿದಾಗ ಯಾವ ಭಾಗ ಶುದ್ಧವಾಯಿತೆಂದು ಕೇಳುವುದು ಇದಕ್ಕಾಗಿ. ಧೂಳು, ಎಣ್ಣೆಯ ಜಿಡ್ಡು, ಒಣಗಿದ ಉಗುಳು ಇವುಗಳ ಅಡಿಯಲ್ಲಿ ಕುಳಿತ ವೈರಸ್ಸಿಗೂ ಬೆಳಕು ತಾಗದು. ಆದಕಾರಣ ಮೊದಲು ಗುಡಿಸಿ ಒರೆಸಬೇಕು, ಬೆಳಕು ಆಮೇಲೆ. ಪೊರಕೆ ಮತ್ತು ಒದ್ದೆಬಟ್ಟೆಯನ್ನು ಹಿಡಿದ ಕೆಲಸಗಾರರಿಗೆ ಈ ದೀಪ ಸಹಾಯಕವಾದೀತೇ ಹೊರತು ಅವರ ಬದಲಿಗೆ ನಿಲ್ಲಲಾರದು.

ಈ ಕಿರಣಗಳು ವೈರಸ್ಸಿನ ಓಲೆಗೆ ಮಾಡುವುದನ್ನೇ ನಮ್ಮ ಜೀವಕೋಶಗಳಿಗೂ ಮಾಡುತ್ತವೆ. 254 ನ್ಯಾನೊಮೀಟರಿನ ಬೆಳಕು ಕಣ್ಣಿನ ಹೊರಪದರವನ್ನು ಸುಡುತ್ತದೆ; ವೆಲ್ಡಿಂಗ್ ಕಿಡಿಯನ್ನು ಬರಿಗಣ್ಣಿನಿಂದ ನೋಡಿದವರಿಗೆ ರಾತ್ರಿ ಕಣ್ಣಿಗೆ ಮರಳು ಬಿದ್ದಂತಾಗುವುದಲ್ಲ, ಅದೇ ಬಗೆಯ ನೋವು. ಚರ್ಮ ಕೆಂಪಾಗಿ ಉರಿಯುತ್ತದೆ. ಕೈಗಳನ್ನಾಗಲಿ ಮೈಯನ್ನಾಗಲಿ ಈ ದೀಪದಿಂದ ಶುದ್ಧಮಾಡಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿಯೇ ಎಚ್ಚರಿಸಿತು. ಜನರನ್ನು ಹಾಯಿಸುವ ಶುದ್ಧೀಕರಣ ಸುರಂಗಗಳು ಆಗ ನಮ್ಮ ದೇಶದಲ್ಲಿಯೂ ತಲೆಯೆತ್ತಿದ್ದವು. 2020ರ ನವೆಂಬರ್ 5ರಂದು ಸುಪ್ರೀಂ ಕೋರ್ಟು, ಮನುಷ್ಯರ ಮೇಲೆ ಔಷಧ ಸಿಂಪಡಿಸುವುದನ್ನೂ ಕೃತಕ ನೇರಳಾತೀತ ಕಿರಣಗಳನ್ನು ಹಾಯಿಸುವುದನ್ನೂ ನಿಷೇಧಿಸುವ ಅಥವಾ ನಿಯಂತ್ರಿಸುವ ಆದೇಶವನ್ನು ಒಂದು ತಿಂಗಳೊಳಗೆ ಹೊರಡಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಮಾರುಕಟ್ಟೆಯಲ್ಲಿ ದೊರೆಯುವ ಕೈದೀಪಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮಕ್ಕಳಿರುವ ಮನೆಗೆ ಅಂಥದನ್ನು ತರದಿರುವುದು ಲೇಸು.

ಇನ್ನು ವಸ್ತುಗಳ ಮಾತು. ರೆಕ್ಸಿನ್, ರಬ್ಬರು, ಪ್ಲಾಸ್ಟಿಕ್ಕುಗಳಿಗೆ ದಿನದಿನವೂ ಈ ಬೆಳಕು ಬಿದ್ದರೆ ಬಣ್ಣ ಮಾಸಿ ಸೀಳತೊಡಗುತ್ತವೆ. ದೀಪದ ಬಲ ವರ್ಷ ಕಳೆದಂತೆ ಇಳಿಯುತ್ತದೆ. ನೀಲಿಯಾಗಿ ಹೊಳೆಯುತ್ತಿದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆಯೆಂದು ಹೇಳುವಂತಿಲ್ಲ. ಆ ನೀಲಿ ನಮಗೆ ಕಾಣುವ ಬೆಳಕು, ಕೆಲಸ ಮಾಡುವುದು ಕಾಣದ ಬೆಳಕು. ಅಳೆಯುವ ಉಪಕರಣವಿಲ್ಲದೆ ಕೊಂಡ ದೀಪ ಕೆಲವು ವರ್ಷಗಳ ಬಳಿಕ ಬರಿಯ ಅಲಂಕಾರವಾಗಿ ಉಳಿಯುವ ಅಪಾಯವಿದೆ.

ಶಾಲಾ ಬಸ್ಸು ಕಲಿಸಿದ ಪಾಠ

ಮೇಲಿನ ತೊಡಕುಗಳನ್ನೆಲ್ಲ ಹಣದಿಂದಲೂ ಎಚ್ಚರದಿಂದಲೂ ನಿವಾರಿಸಬಹುದು. ನಿಜವಾದ ಪ್ರಶ್ನೆ ಬೇರೆ ಕಡೆಯಿದೆ. ಬಸ್ಸಿನಲ್ಲಿ ರೋಗ ಹರಡುವುದು ಆಸನದಿಂದಲೋ, ಉಸಿರಿನಿಂದಲೋ?

ಇದಕ್ಕೆ ಉತ್ತರ ಹೇಳುವ ಹಳೆಯ ಕಥೆಯೊಂದಿದೆ. ಅಮೆರಿಕದ ವಿಲಿಯಂ ವೆಲ್ಸ್ ಎಂಬ ವಿಜ್ಞಾನಿ 1930ರ ದಶಕದಲ್ಲಿ, ಕೆಮ್ಮು ಸೀನುಗಳಿಂದ ಹೊರಟ ಅತಿ ಸಣ್ಣ ಹನಿಗಳು ನೆಲಕ್ಕೆ ಬೀಳುವ ಮುನ್ನವೇ ಒಣಗಿ, ತಮ್ಮೊಳಗಿನ ರೋಗಾಣುಗಳೊಡನೆ ಗಾಳಿಯಲ್ಲಿ ತೇಲಾಡುತ್ತಿರುತ್ತವೆಂದು ತೋರಿಸಿದನು. ಅವನೂ ಅವನ ಪತ್ನಿ ಮಿಲ್ಡ್ರೆಡ್ ವೆಲ್ಸಳೂ ಫಿಲಡೆಲ್ಫಿಯ ನಗರದ ಬಳಿಯ ಶಾಲೆಗಳಲ್ಲಿ ತರಗತಿಯ ಮೇಲ್ಭಾಗದ ಗಾಳಿಗೆ ಮಾತ್ರ ತಾಗುವಂತೆ ನೇರಳಾತೀತ ದೀಪಗಳನ್ನು ಇರಿಸಿದರು. ಮಕ್ಕಳ ಮೇಲೆ ಬೆಳಕು ಬೀಳದು. ಆದರೆ ಅವರ ಉಸಿರಿನೊಡನೆ ಬಿಸಿಯಾಗಿ ಮೇಲೇರಿದ ಗಾಳಿ ದೀಪದ ಎದುರು ಹಾದು ಶುದ್ಧವಾಗಿ ಕೆಳಗಿಳಿಯುವುದು. 1941ರಲ್ಲಿ ದಡಾರ ಹಬ್ಬಿದಾಗ ದೀಪವಿದ್ದ ತರಗತಿಗಳ ಮಕ್ಕಳಿಗೆ ಅದು ತಗಲಿದ್ದು ಉಳಿದವರಿಗಿಂತ ಬಹಳ ಕಡಿಮೆ.

ಈ ಯಶಸ್ಸನ್ನು ಕಂಡು 1940ರ ದಶಕದಲ್ಲಿಯೇ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ಶಾಲೆಗಳಲ್ಲಿ ಇಂಥದೇ ದೀಪಗಳನ್ನು ಹಾಕಿದರು. ಅಲ್ಲಿ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಕಾರಣವನ್ನು ಹುಡುಕಿದಾಗ ಕಣ್ಣಿಗೆ ಬಿದ್ದುದು ಶಾಲಾ ಬಸ್ಸು. ಆ ಮಕ್ಕಳು ದೂರದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಒತ್ತಾಗಿ ಕುಳಿತು ಬರುತ್ತಿದ್ದರು. ತರಗತಿಯಲ್ಲಿ ದೀಪ ಕಾಪಾಡಿದುದನ್ನು ಬಸ್ಸಿನೊಳಗಿನ ಮುಚ್ಚಿದ ಗಾಳಿ ಕೆಡಿಸುತ್ತಿತ್ತು. ಮುಂದೆ ಕ್ಷಯಕ್ಕೆ ಔಷಧಗಳೂ, 1963ರಲ್ಲಿ ದಡಾರಕ್ಕೆ ಲಸಿಕೆಯೂ ಬಂದುದರಿಂದ ದೀಪಗಳ ಮಾತು ಹಿಂದೆ ಸರಿಯಿತು. ಬಸ್ಸು ಕಲಿಸಿದ ಪಾಠವೂ ಅದರೊಡನೆ ಮರೆಯಾಯಿತು.

ಸುಮಾರು ಎಂಬತ್ತು ವರ್ಷಗಳ ತರುವಾಯ ಆ ಪಾಠ ಮತ್ತೆ ಎದುರಾಯಿತು. 2020ರ ಜನವರಿ 19ರಂದು ಪೂರ್ವ ಚೀನದ ಜೆಜಿಯಾಂಗ್ ಪ್ರಾಂತದಲ್ಲಿ 128 ಜನರು ಎರಡು ಬಸ್ಸುಗಳಲ್ಲಿ ಪೂಜಾಕಾರ್ಯವೊಂದಕ್ಕೆ ಹೋಗಿಬಂದರು. ಹೋಗಿ ಬರುವ ಪ್ರಯಾಣ ಒಟ್ಟು 100 ನಿಮಿಷಗಳದು. ಎರಡು ಬಸ್ಸುಗಳೂ ಹವಾನಿಯಂತ್ರಿತವಾದವು. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವಂತೆ ಯಂತ್ರವನ್ನು ಇರಿಸಿದ್ದರು. 60 ಜನರಿದ್ದ ಒಂದು ಬಸ್ಸಿನಲ್ಲಿ ಯಾರಿಗೂ ಸೋಂಕು ತಗಲಲಿಲ್ಲ. 68 ಜನರಿದ್ದ ಇನ್ನೊಂದರಲ್ಲಿ ಸೋಂಕು ಹೊತ್ತ ಒಬ್ಬರಿದ್ದರು; ಅವರಿಂದ 23 ಜನರಿಗೆ ತಗಲಿತು. ಅವರ ಪಕ್ಕದವರಿಗೆ ಮಾತ್ರವಲ್ಲ, ದೂರದ ಸಾಲುಗಳಲ್ಲಿದ್ದವರಿಗೂ ತಗಲಿತು. ತೆರೆಯಬಲ್ಲ ಕಿಟಕಿಗಳ ಬಳಿಯಲ್ಲಿಯೂ ಬಾಗಿಲ ಬಳಿಯಲ್ಲಿಯೂ ಕುಳಿತವರು ಬಹುಮಟ್ಟಿಗೆ ಪಾರಾದರು. ಆ ಬಸ್ಸನ್ನು ಹಿಂದಿನ ರಾತ್ರಿ ಎಷ್ಟು ದೀಪಗಳಿಂದ ಶುದ್ಧಗೊಳಿಸಿದ್ದರೂ ಈ 23 ಜನರನ್ನು ಅದು ಉಳಿಸುತ್ತಿರಲಿಲ್ಲ. ರೋಗ ಬಸ್ಸಿನಲ್ಲಿ ಕಾದು ಕುಳಿತಿರಲಿಲ್ಲ, ಪ್ರಯಾಣಿಕರೊಡನೆ ಹತ್ತಿಬಂದಿತ್ತು.

ವೈರಸ್ಸು ಪ್ಲಾಸ್ಟಿಕ್ಕು ಮತ್ತು ಉಕ್ಕಿನ ಮೇಲೆ ಎರಡು ಮೂರು ದಿನ ಉಳಿಯಬಲ್ಲುದೆಂದು 2020ರ ಮೊದಲಲ್ಲಿ ಪ್ರಯೋಗಗಳು ತೋರಿಸಿದ್ದು ನಿಜ. ಹಾಲಿನ ಪೊಟ್ಟಣವನ್ನು ಸೋಪಿನಿಂದ ತೊಳೆದದ್ದು, ನೋಟುಗಳಿಗೆ ಇಸ್ತ್ರಿ ಹಾಕಿದ್ದು ಆ ಭಯದಿಂದ. ಆದರೆ ಉಳಿಯುವುದು ಬೇರೆ, ತಗಲುವುದು ಬೇರೆ. ಸೋಂಕಿರುವ ವಸ್ತುವೊಂದನ್ನು ಒಮ್ಮೆ ಮುಟ್ಟುವುದರಿಂದ ರೋಗ ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ 2021ರ ಏಪ್ರಿಲಿನಲ್ಲಿ ಹೇಳಿತು. ಕೊರೊನಾ ಮುಖ್ಯವಾಗಿ ಉಸಿರಿನ ಹಾದಿಯಲ್ಲಿ ಬರುವ ರೋಗ.

ಗಾಳಿಗೇ ಬೆಳಕು

ಹಾಗಾದರೆ ನೇರಳಾತೀತ ದೀಪ ಬಸ್ಸಿಗೆ ನಿರುಪಯೋಗವೇ? ಅಲ್ಲ. ದೀಪವನ್ನು ಎಲ್ಲಿ ಇಡಬೇಕೆಂಬುದರಲ್ಲಿ ತಿದ್ದುಪಡಿ ಬೇಕು. ಅಡುಗೆಮನೆಯ ನೀರಿನ ಯಂತ್ರವನ್ನು ನೆನೆಯಿರಿ. ದೀಪವನ್ನು ಹಿಡಿದು ಕೊಡದ ಸುತ್ತ ಓಡಾಡುವುದಿಲ್ಲ. ನೀರೇ ದೀಪದ ಪಕ್ಕದಲ್ಲಿ ಹರಿದುಹೋಗುತ್ತದೆ. ಗಾಳಿಯನ್ನೂ ಹಾಗೆಯೇ ಹರಿಸಬಹುದು. 1950ರ ದಶಕದ ಕೊನೆಯಿಂದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ರೈಲಿ ಎಂಬ ವೈದ್ಯ ವೆಲ್ಸನ ಜೊತೆಗೂಡಿ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಯಿಲಿಗಳ ಗೂಡುಗಳಿಗೆ ಹಾಯಿಸಿದನು. ಬರಿಯ ಗಾಳಿ ಸೇವಿಸಿದ ಇಲಿಗಳಿಗೆ ಕ್ಷಯ ತಗಲಿತು. ದೀಪದ ಎದುರು ಹಾದುಬಂದ ಗಾಳಿ ಸೇವಿಸಿದವಕ್ಕೆ ತಗಲಲಿಲ್ಲ. ಚಂಡೀಗಡದಲ್ಲಿರುವ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ ಇದೇ ತತ್ತ್ವದ ಮೇಲೆ ಹವಾನಿಯಂತ್ರಣದ ಕೊಳವೆಯೊಳಗೆ ಕೂರಿಸುವ ದೀಪವ್ಯವಸ್ಥೆಯನ್ನು ರೂಪಿಸಿದ್ದು, 2021ರಲ್ಲಿ ಅದನ್ನು ಸಂಸತ್ ಭವನದಲ್ಲಿ ಅಳವಡಿಸಲಾಯಿತು. ಕಿಟಕಿ ತೆರೆಯಲಾಗದ ಹವಾನಿಯಂತ್ರಿತ ಬಸ್ಸುಗಳಿಗೆ, ರಾತ್ರಿಯ ದೂರಪ್ರಯಾಣದ ಬಂಡಿಗಳಿಗೆ ಇಂಥ ದೀಪ ಹೊಂದುತ್ತದೆ. ಬೆಳಕು ಕೊಳವೆಯೊಳಗೇ ಇರುವುದರಿಂದ ಪ್ರಯಾಣಿಕರಿಗೆ ಅಪಾಯವಿಲ್ಲ. ಪ್ರಯಾಣ ನಡೆಯುತ್ತಿರುವಾಗಲೇ ಕೆಲಸವೂ ನಡೆಯುತ್ತದೆ.

ಇನ್ನೊಂದು ಬಗೆಯ ದೀಪವೂ ಬಂದಿದೆ. ಕ್ರಿಪ್ಟಾನ್ ಮತ್ತು ಕ್ಲೋರಿನ್ ಅನಿಲಗಳನ್ನು ಬಳಸುವ ಈ ದೀಪದ ಬೆಳಕು 222 ನ್ಯಾನೊಮೀಟರಿನದು. ಇದು ಚರ್ಮದ ಹೊರಗಿನ ನಿರ್ಜೀವ ಪದರದಲ್ಲಿಯೇ ಹೀರಲ್ಪಟ್ಟು ಒಳಗಿನ ಜೀವಂತ ಕೋಶಗಳನ್ನು ಮುಟ್ಟುವುದು ಅತ್ಯಲ್ಪ. ವೈರಸ್ಸು ಬಹಳ ಸಣ್ಣದಾದುದರಿಂದ ಅದಕ್ಕೆ ಮಾತ್ರ ತಪ್ಪಿಸಿಕೊಳ್ಳಲು ಎಡೆಯಿಲ್ಲ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬ್ರೆನ್ನರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಳಿಯಲ್ಲಿ ತೇಲುವ ಎರಡು ಜಾತಿಯ ಸಾಮಾನ್ಯ ಕೊರೊನಾ ವೈರಸ್ಸುಗಳಲ್ಲಿ ಶೇಕಡ 99.9 ಪಾಲನ್ನು ಕೆಡಿಸಲು ಚದರ ಸೆಂಟಿಮೀಟರಿಗೆ 2 ಮಿಲಿಜೂಲಿಗಿಂತಲೂ ಕಡಿಮೆ ಬೆಳಕು ಸಾಕಾಯಿತು. ಜನರಿರುವಾಗಲೇ ಉರಿಸಬಹುದಾದ ದೀಪವೆಂದು ಇದರ ಮೇಲೆ ಭರವಸೆ ಹೆಚ್ಚು. ಆದರೆ ಇಂಥ ದೀಪಗಳು ಸ್ವಲ್ಪ ಓಜೋನನ್ನೂ ಉಂಟುಮಾಡುವುದರಿಂದ ಮುಚ್ಚಿದ ಜಾಗದಲ್ಲಿ ಗಾಳಿಯಾಟ ಆಗಲೂ ಬೇಕೇ ಬೇಕು.

ನಮ್ಮ ಬಸ್ಸುಗಳಿಗೆ

ಗಡಿ ದಾಟುವ ನಮ್ಮ ಬಸ್ಸುಗಳಲ್ಲಿ ಹೆಚ್ಚಿನವು ಹವಾನಿಯಂತ್ರಣವಿಲ್ಲದ ಸಾದಾ ಬಸ್ಸುಗಳು. ಇದನ್ನು ಬಡತನವೆಂದು ಬಗೆಯಬೇಕಾಗಿಲ್ಲ. ಓಡುವ ಬಸ್ಸಿನ ಎರಡೂ ಬದಿಯ ಕಿಟಕಿಗಳು ತೆರೆದಿದ್ದರೆ ಒಳಗಿನ ಗಾಳಿ ಮತ್ತೆ ಮತ್ತೆ ಹೊರಗೆ ಹೋಗಿ ಹೊಸದು ಬರುತ್ತದೆ. ದೀಪವು ಗಾಳಿಯಲ್ಲಿರುವ ವೈರಸ್ಸನ್ನು ಕೊಲ್ಲುತ್ತದೆ, ಕಿಟಕಿಯು ಅದನ್ನು ಹೊರಗೆ ಕಳುಹಿಸುತ್ತದೆ. ಪ್ರಯಾಣಿಕರ ಪುಪ್ಪುಸಕ್ಕೆ ಎರಡರ ಫಲವೂ ಒಂದೇ. ಕಿಟಕಿಗೆ ವಿದ್ಯುತ್ತು ಬೇಡ, ಬಿಡಿಭಾಗ ಬೇಡ.

ತೊಡಕಿರುವುದು ಮಳೆಗಾಲದಲ್ಲಿ. ಕರಾವಳಿಯ ಆಷಾಢದಲ್ಲಿ ಟಾರ್ಪಾಲನ್ನೂ ಗಾಜನ್ನೂ ಇಳಿಸಿ ಕುಳಿತರೆ ಬಸ್ಸು ಮುಚ್ಚಿದ ಪೆಟ್ಟಿಗೆಯಂತಾಗುತ್ತದೆ. ಶೀತ, ಜ್ವರ, ಕೆಮ್ಮುಗಳು ಹೆಚ್ಚುವ ಕಾಲವೂ ಅದೇ. ಆಗ ಮಳೆ ಬಡಿಯದ ಬದಿಯ ಗಾಜುಗಳನ್ನು ನಾಲ್ಕು ಬೆರಳಿನಷ್ಟಾದರೂ ಸರಿಸಿಡುವುದು, ಮುಂದೆ ಒಂದು ಹಿಂದೆ ಒಂದು ಕಿಟಕಿ ತೆರೆದಿಟ್ಟು ಗಾಳಿಗೆ ಹಾದಿ ಮಾಡಿಕೊಡುವುದು, ನಿಲ್ದಾಣದಲ್ಲಿ ಬಸ್ಸು ನಿಂತಾಗ ಬಾಗಿಲುಗಳನ್ನು ತೆರೆದಿಡುವುದು ಎಲ್ಲರಿಗೂ ಸಾಧ್ಯವಾದ ಕೆಲಸಗಳು. ಕೆಮ್ಮಿರುವವರು ಮುಖಕ್ಕೆ ಮಾಸ್ಕು ಹಾಕಿಕೊಳ್ಳುವುದೂ, ಜ್ವರದ ಮಗುವನ್ನು ಶಾಲಾ ಬಸ್ಸಿಗೆ ಹತ್ತಿಸದಿರುವುದೂ ಅಷ್ಟೇ ಅಗತ್ಯ. ಗಾಳಿ ಬೀಸಿದರೆ ತಲೆನೋವೆಂದು ಕಿಟಕಿ ಮುಚ್ಚಿಸುವ ಸಹಪ್ರಯಾಣಿಕರಿಗೆ ಇದನ್ನು ಸಮಾಧಾನದಿಂದ ತಿಳಿಸಿ ಹೇಳಬಹುದು.

ಸಾರಿಗೆ ನಡೆಸುವವರಿಗೂ ಒಂದು ಮಾತು. ಮುಂದೆ ಇನ್ನೊಂದು ಪಿಡುಗು ಬಂದಾಗ ದೀಪಗಳಿಗಾಗಿ ಹಣ ತೆಗೆದಿಡುವುದಾದರೆ, ಅದು ಖಾಲಿ ಬಸ್ಸಿನಲ್ಲಿ ನೀಲಿ ಬೆಳಕು ಹೊಳೆಯುವ ಚಿತ್ರಕ್ಕಾಗಿ ವ್ಯಯವಾಗದಿರಲಿ. ಮೊದಲು ಜಾಮಾದ ಕಿಟಕಿಗಳನ್ನು ಸರಿಪಡಿಸಲಿ, ಮಾಡಿನ ಗಾಳಿಗಂಡಿಗಳನ್ನು ಬಿಡಿಸಲಿ. ಹವಾನಿಯಂತ್ರಿತ ಬಸ್ಸುಗಳಲ್ಲಿ ಹೊರಗಾಳಿ ಒಳಬರುವಂತೆ ಮಾಡಿ, ಕೊಳವೆಯೊಳಗೆ ದೀಪವನ್ನು ಕೂರಿಸಲಿ. ಕಂಬಿ ಆಸನಗಳನ್ನು ಒರೆಸುವ ಕೆಲಸಗಾರರ ಸಂಖ್ಯೆಯನ್ನು ಕಡಿಮೆ ಮಾಡದಿರಲಿ. ಇಷ್ಟಾದ ಮೇಲೆ ಡಿಪೋದಲ್ಲಿ ರಾತ್ರಿಯ ದೀಪವೂ ಉರಿದರೆ ಸಂತೋಷವೇ. ಅದು ನಿನ್ನೆಯ ಪ್ರಯಾಣದ ನಂಜನ್ನು ಕಳೆಯಬಲ್ಲುದು. ಇಂದಿನ ಪ್ರಯಾಣದ ಗಾಳಿಯನ್ನು ಮಾತ್ರ ಬಸ್ಸಿನೊಳಗೆ ಕುಳಿತವರೇ ಕಾಯಬೇಕು.